ಗೆದ್ದ ಸಿನಿಮಾಕ್ಕೂ ಯಾಕೆ ತಕರಾರು ಅಂದೆಯಲ್ಲ

ಅಳಿಯಾ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೆ ಮಾತಲ್ಲೇ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕೊನೆತನಕ ಕೇಳು. 'ಕಾಂತಾರ ಅಧ್ಯಾಯ 1' ಬಗ್ಗೆ ನಾನು ಪೇಪರಿಗೆ ಬರೆದದ್ದನ್ನು ಗ್ರೂಪಿಗೆ ಹಾಕಿ, "ಎಲ್ಲರೂ ಮೆಚ್ಚಿದ ಸಿನಿಮಾಕ್ಕೆ ಅತ್ತೆಯದು ಒಬ್ಬರದೇ ತಕರಾರು ಯಾಕೆ" ಅಂತ ಕೇಳಿದ್ದೀಯ. ಕೇಳಿದ್ದು ಒಳ್ಳೆಯದೇ ಆಯಿತು.

ಆ ಸಿನಿಮಾ ಕೆಟ್ಟದ್ದು ಅಂತ ನಾನು ಎಲ್ಲೂ ಬರೆದಿಲ್ಲ. ಬೀದಿಯಲ್ಲಿ ರಥ ಹಿಡಿತ ತಪ್ಪಿ ಓಡುತ್ತದಲ್ಲ, ಅಂಥ ದೃಶ್ಯವನ್ನು ಕನ್ನಡದಲ್ಲಿ ನಾನು ಹಿಂದೆ ನೋಡಿರಲಿಲ್ಲ. ಚಕ್ರ ನನ್ನ ಪಾದದ ಮೇಲೇ ಹತ್ತುತ್ತದೇನೋ ಅನ್ನಿಸಿ ಕಾಲೆರಡನ್ನೂ ಕುರ್ಚಿ ಮೇಲೆ ಎಳೆದುಕೊಂಡಿದ್ದೆ. ಅರವಿಂದ್ ಕಶ್ಯಪ್ ಕ್ಯಾಮೆರಾ ಕೆಲಸಕ್ಕೆ ಕೈ ಮುಗಿಯಬೇಕು. ಇದನ್ನೆಲ್ಲ ಬರೆದಿದ್ದೇನೆ, ನೀನು ಆ ಭಾಗ ಬಿಟ್ಟು ಕೆಳಗಿನ ನಾಲ್ಕು ಸಾಲು ಮಾತ್ರ ಹಾಕಿದ್ದೀಯ.

ಈಗ ತಕರಾರಿನ ವಿಷಯ. 2022ರಲ್ಲಿ ಮೊದಲ 'ಕಾಂತಾರ' ಬಂದಾಗ ಅವ್ವನನ್ನು ಕರೆದುಕೊಂಡು ಹೋಗಿದ್ದೆ, ಇಲ್ಲೇ ದಾವಣಗೆರೆಯಲ್ಲಿ. ಇಂಟರ್‌ವಲ್‌ನಲ್ಲಿ ಅವ್ವ ಒಂದು ಶೇಂಗಾ ಪೊಟ್ಟಣ ತಗೊಂಡಿದ್ದಳು. ಕೊನೆಯಲ್ಲಿ ದೈವ ಮೈಮೇಲೆ ಬಂದ ನಾಯಕ ಶಿವ ಒಂದು ಮಾತೂ ಆಡದೆ ಊರವರ ಕೈಯನ್ನೂ ಫಾರೆಸ್ಟ್ ಆಫೀಸರ್ ಮುರಳಿಯ ಕೈಯನ್ನೂ ಹಿಡಿದು ತನ್ನ ಎದೆಗೆ ಒತ್ತಿಕೊಳ್ಳುತ್ತಾನಲ್ಲ, ಆಗ ಅವ್ವ ನನ್ನ ಮುಂಗೈ ಹಿಡಿದುಕೊಂಡಳು. ಬಿಡಲೇ ಇಲ್ಲ. ಲೈಟ್ ಹಾಕಿದಾಗ ನೋಡಿದರೆ ಶೇಂಗಾ ಪೊಟ್ಟಣ ಬಿಚ್ಚದೆ ಹಾಗೇ ಮಡಿಲಲ್ಲಿತ್ತು. ಸಿನಿಮಾದಲ್ಲಿ ಬರುವ ಕರಾವಳಿಯ ದೈವಗಳು, ಪಂಜುರ್ಲಿ, ಗುಳಿಗ ಅಂದರೆ ಯಾರು ಅಂತ ಅವ್ವನಿಗೆ ಗೊತ್ತಿಲ್ಲ. ಕರಾವಳಿ ಕಡೆಗೆ ಅವಳು ಹೋದವಳೂ ಅಲ್ಲ. ಆದರೆ ಪೊರಕೆ ಹಿಡಿದು ಮಗನನ್ನು ಬೈಯುವ ಆ ತಾಯಿ ಗೊತ್ತು, ಕೆಲಸವಿಲ್ಲದೆ ತಿರುಗುವ ಹುಡುಗರು ಗೊತ್ತು. ಸಿನಿಮಾ ಅರ್ಧ ಹೊತ್ತು ಅವರ ಜೊತೆ ಸುಮ್ನೆ ಕೂತಿತ್ತು. ಅದಕ್ಕೇ ಕೊನೆಯಲ್ಲಿ ಆ ಕೈ ಎದೆಗೆ ತಾಗಿದಾಗ ಅವ್ವನಿಗೂ ತಾಗಿತು.

'ಅಧ್ಯಾಯ 1'ರಲ್ಲಿ ಆ ಕೂರುವ ಹೊತ್ತೇ ಕಡಿಮೆ. ಅರಮನೆ ಇದೆ, ಯುದ್ಧ ಇದೆ, ಒಂದು ಹೊಡೆದಾಟ ಮುಗಿಯುವಷ್ಟರಲ್ಲಿ ಇನ್ನೊಂದು. ನಾಯಕ ಬೆರ್ಮೆ ತನ್ನ ಜನರ ಜೊತೆ ಊಟಕ್ಕೆ ಕೂತು ನಾಲ್ಕು ಮಾತಾಡಲಿ ಅಂತ ನಾನು ಕಾಯುತ್ತಲೇ ಇದ್ದೆ. ಬೆರಗಾಯಿತು, ಎದೆ ಮಾತ್ರ ತುಂಬಲಿಲ್ಲ. ಇದನ್ನೇ ಬರೆದದ್ದು.

'ಸು ಫ್ರಮ್ ಸೋ' ನೆನಪಿದೆಯಾ? 2025ರ ಜುಲೈನಲ್ಲಿ ಬಂತಲ್ಲ, ಜೆ.ಪಿ. ತುಮಿನಾಡು ನಿರ್ದೇಶನದ್ದು. ದೊಡ್ಡ ಸ್ಟಾರ್ ಇಲ್ಲ, ಅರಮನೆ ಇಲ್ಲ. ಒಂದು ಊರು, ಒಂದು ಸುಳ್ಳು ದೆವ್ವ, ಎಲ್ಲದಕ್ಕೂ ಮುಂದೆ ನಿಲ್ಲುವ ಒಬ್ಬ ರವಿಯಣ್ಣ. ಅಂಥ ರವಿಯಣ್ಣ ನಮ್ಮ ಓಣಿಯಲ್ಲೂ ಇದ್ದಾನೆ, ಹರಿಹರದಲ್ಲೂ ಇದ್ದಾನೆ. ಸಾವಿರಲಿ, ಮದುವೆಯಿರಲಿ, ಅವನು ಬರದೆ ಚಪ್ಪರ ಏಳುವುದಿಲ್ಲ. ಮಂಗಳೂರು ಕಡೆಯ ಮಾತು ನಮ್ಮವರಿಗೆ ಅರ್ಥ ಆಗಲ್ಲ ಅಂದುಕೊಂಡಿದ್ದೆ. ಆದರೆ ಇಡೀ ಟಾಕೀಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಮೇಲೆ, ಯಾರ ದೆವ್ವ ಅಂತ ಎಲ್ಲರೂ ಹೆದರಿದ್ದರೋ ಆ ಸುಲೋಚನಳ ಮಗಳು ಭಾನು ಬರುತ್ತಾಳೆ. ಸತ್ತವಳ ದೆವ್ವಕ್ಕೆ ಹೆದರಿದ ಗಂಡಸರಿಗೆ ಬದುಕಿರುವ ಹೆಣ್ಣಿನ ಕಷ್ಟ ಆಗ ಕಾಣುತ್ತದೆ. ಆ ತಿರುವು ನನಗೆ ಬಹಳ ಇಷ್ಟವಾಯಿತು. ಸೆಕೆಂಡ್ ಹಾಫ್ ಸ್ವಲ್ಪ ಎಳೆದರು, ಅದನ್ನೂ ಬರೆದೆ. ಅದಕ್ಕೆ ನಿಮ್ಮಲ್ಲಿ ಯಾರೂ ಸಿಟ್ಟಾಗಲಿಲ್ಲ, ಅಲ್ವಾ?

'ಕಾಟೇರ'ದ ಬಗ್ಗೆಯೂ ದೊಡ್ಡಪ್ಪ ಕೇಳಿದ್ದರು. ಗೇಣಿ ಅಳೆದು ಕೊಡುವ ರೈತರ ಕಥೆ, ಉಳುವವನೇ ಹೊಲದೊಡೆಯ ಅನ್ನುವ 1974ರ ಕಾನೂನಿನ ಕಾಲದ್ದು. ಗೇಣಿ ಮಾತು ಬಂದಾಗೆಲ್ಲ ಕಣ್ಣು ಕದಲಿಸದೆ ನೋಡಿದೆ. ಫೈಟ್‌ಗಳು ಸ್ವಲ್ಪ ಕಡಿಮೆ ಇದ್ದು, ಆ ರೈತರ ಮನೆಯೊಳಗೆ ಇನ್ನೂ ಹೊಕ್ಕಿದ್ದರೆ ಚೆನ್ನಾಗಿತ್ತು. ಅಷ್ಟೇ.

ಇನ್ನು ನೀನು ಅಂದೆಯಲ್ಲ, ಇಷ್ಟು ದುಡ್ಡು ಮಾಡಿದ ಮೇಲೆ ತಪ್ಪು ಹುಡುಕೋದು ಯಾಕೆ ಅಂತ. ಚಿತ್ರದುರ್ಗದ ಅಜ್ಜಿ ಮನೆಗೆ ಹೋದಾಗೆಲ್ಲ ಕೋಟೆ ಹತ್ತಿ "ಇಲ್ಲೇ ರಾಮಾಚಾರಿ ನಿಂತಿದ್ದು" ಅಂತ ಫೋಟೋ ತೆಗೆಸಿಕೊಳ್ಳುತ್ತೀಯ. 1972ರ 'ನಾಗರಹಾವು', ಪುಟ್ಟಣ್ಣ ಕಣಗಾಲ್ ಅವರದು. ಅದಕ್ಕಿಂತ ದೊಡ್ಡ ಗೆಲುವು ನಮ್ಮ ಕಡೆಯವರಿಗೆ ಯಾವುದಿದೆ? ಆದರೂ ಕಾದಂಬರಿ ಬರೆದ ತ.ರಾ.ಸು. ಅವರೇ ನಾಗರಹಾವನ್ನು ಕೇರೆಹಾವು ಮಾಡಿದ್ದಾರೆ ಅಂದಿದ್ದರಲ್ಲ. ಅದರಿಂದ ಸಿನಿಮಾಕ್ಕೆ ಏನು ಕಮ್ಮಿಯಾಯಿತು? ಚಾಮಯ್ಯ ಮೇಷ್ಟ್ರನ್ನು ನೋಡಿದರೆ ಇವತ್ತಿಗೂ ಗಂಟಲು ಕಟ್ಟುತ್ತದೆ. ತ.ರಾ.ಸು. ಸಿಟ್ಟೂ ನನಗೆ ಅರ್ಥವಾಗುತ್ತದೆ. ಎರಡನ್ನೂ ಇಟ್ಟುಕೊಂಡೇ ನಾನು ಆ ಸಿನಿಮಾವನ್ನು ಪ್ರೀತಿಸುತ್ತೇನೆ.

ಮನೆಮಂದಿ ಐದು ಜನ ಸಿನಿಮಾಕ್ಕೆ ಹೋಗಿ ಬಂದರೆ ಸಾವಿರ ರೂಪಾಯಿ ಎಲ್ಲಿ ಹೋಯಿತು ಅಂತ ಗೊತ್ತಾಗಲ್ಲ. ಅಂಥವರು ನನ್ನ ಬರಹ ಓದಿ ಟಿಕೆಟ್ ತಗೊಳ್ಳುತ್ತಾರೆ. ಅವರ ಹತ್ತಿರ ನಾನು ಸುಳ್ಳು ಹೇಳಲಾರೆ.

ನನಗಿರುವ ಆಸೆ ಒಂದೇ. ಮಂಗಳೂರಿನ ಮಾತು ಗೆದ್ದಿತು, ಮಂಡ್ಯದ್ದು ಮೊದಲಿಂದಲೂ ಇದೆ. ನಮ್ಮ ಮಾತು, ದಾವಣಗೆರೆ ಸಂತೆಯಲ್ಲಿ ಕೇಳುವ ಮಾತು, ಪರದೆ ಮೇಲೆ ಹಾಗೇ ಬರಬೇಕು. ಬಂದ ದಿನ ಫಸ್ಟ್ ಶೋಗೆ ಅವ್ವನ ಜೊತೆ ನಾನಿರುತ್ತೇನೆ.

ನೀನು ರಥದ ದೃಶ್ಯಕ್ಕೋಸ್ಕರ ಎರಡು ಸಲ ನೋಡಿದ್ದೀಯಂತೆ. ಏನು ಇಷ್ಟವಾಯಿತು ಅಂತ ಒಂದು ಪುಟ ಬರೆದು ಕಳಿಸು. ಭಾನುವಾರ ಊಟಕ್ಕೆ ಬಂದಾಗ ಇಬ್ಬರೂ ಕೂತು ಓದೋಣ. ಸರಿ, ಇಡುತ್ತೇನೆ, ಕುಕ್ಕರ್ ಕೂಗುತ್ತಿದೆ.