ಒಪಿಯಾಯ್ಡ್ ಇತ್ಯರ್ಥದ ಹಣ: ಭಾಷಣಕ್ಕೋ, ಗಾಡಿಗೋ, ಚಿಕಿತ್ಸೆಗೋ?

ಕೋಥ್ರೂಡ್ ನಿವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ಇಪ್ಪತ್ತೆಂಟು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ನಿವೃತ್ತನಾದವನು ನಾನು. ಮಗಳು ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ನರ್ಸ್. ಒಪಿಯಾಯ್ಡ್ ಎಂಬ, ಅಫೀಮಿನ ಜಾತಿಯ ಚಟ ಹಿಡಿಸುವ ನೋವಿನ ಮಾತ್ರೆಗಳ ಹಾವಳಿಗೆ ಸಂಬಂಧಿಸಿದ ಮೊಕದ್ದಮೆಗಳಲ್ಲಿ ಕಂಪನಿಗಳು ಒಪ್ಪಿಕೊಂಡ ಹಣದಲ್ಲಿ ಅವಳ ಕೌಂಟಿಗೂ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಪಾಲು ಬರುತ್ತಿದ್ದು, ಅದನ್ನು ಹೇಗೆ ಖರ್ಚು ಮಾಡಬೇಕೆಂದು ಕೇಳಲು ಸಾರ್ವಜನಿಕ ಸಭೆ ಕರೆದಿದ್ದರಂತೆ. ಒಬ್ಬರು ಪೊಲೀಸರಿಗೆ ಹೊಸ ಗಾಡಿ ಬೇಕೆಂದರು, ಇನ್ನೊಬ್ಬರು ಶಾಲೆಗಳಲ್ಲಿ ಜಾಗೃತಿ ಭಾಷಣ ಏರ್ಪಡಿಸಬೇಕೆಂದರು. ಮುಂದಿನ ಸಭೆಯಲ್ಲಿ ನಾನೂ ಮಾತನಾಡಬೇಕೆಂದಿದ್ದೇನೆ, ಏನು ಹೇಳಲಿ ಎಂದು ಮಗಳು ಕೇಳಿದ್ದಾಳೆ. ಮಾತ್ರೆ ಎಣಿಸಿ ಕೊಡುವುದು ಬಿಟ್ಟರೆ ನನಗೆ ಈ ವ್ಯವಹಾರ ತಿಳಿಯದು. ಬಲ್ಲವರು ದಯವಿಟ್ಟು ತಿಳಿಸಬೇಕು.

ಮಾಟುಂಗಾ ವಕೀಲ

ರಾಯರೇ, ಮೊದಲು ಈ ಹಣದ ಸ್ವರೂಪ ತಿಳಿಯಬೇಕು. 2021ರಲ್ಲಿ ಪ್ರಕಟವಾದ ದೊಡ್ಡ ಒಪ್ಪಂದದ ಪ್ರಕಾರ ಮೆಕೆಸನ್, ಕಾರ್ಡಿನಲ್ ಹೆಲ್ತ್, ಅಮೆರಿಸೋರ್ಸ್‌ಬರ್ಗನ್ ಎಂಬ ಮೂರು ಸಗಟು ವಿತರಕರು 18 ವರ್ಷಗಳಲ್ಲಿ 2,100 ಕೋಟಿ ಡಾಲರ್ ತನಕ ಕೊಡಬೇಕು. ಇದಲ್ಲದೆ ಔಷಧಿ ತಯಾರಕ ಜಾನ್ಸನ್ ಅಂಡ್ ಜಾನ್ಸನ್ 500 ಕೋಟಿ ಡಾಲರ್ ತನಕ ಕೊಡಬೇಕು. ಇದರಲ್ಲಿ ಶೇಕಡಾ 85ರಷ್ಟಾದರೂ ಒಪಿಯಾಯ್ಡ್ ಪಿಡುಗನ್ನು ತಗ್ಗಿಸುವ ಕೆಲಸಕ್ಕೇ ಹೋಗಬೇಕೆಂಬ ಷರತ್ತಿದೆ.

ಈ ಷರತ್ತು ಬರಲು ಕಾರಣ ತಂಬಾಕು. 1998ರಲ್ಲಿ ಸಿಗರೇಟು ಕಂಪನಿಗಳು 46 ರಾಜ್ಯಗಳೊಡನೆ ರಾಜಿ ಮಾಡಿಕೊಂಡಾಗ 25 ವರ್ಷಕ್ಕೆ ಅಂದಾಜು 20,600 ಕೋಟಿ ಡಾಲರ್ ಎಂದು ಲೆಕ್ಕ ಹಾಕಲಾಗಿತ್ತು. ಎಲ್ಲಿ ಖರ್ಚು ಮಾಡಬೇಕೆಂಬ ಕಟ್ಟಳೆ ಇಲ್ಲದ್ದರಿಂದ ಬಹುಪಾಲು ಹಣ ರಾಜ್ಯಗಳ ಬಜೆಟ್ಟಿನ ತೂತು ಮುಚ್ಚಲು ಹೋಯಿತು, ಧೂಮಪಾನ ಬಿಡಿಸುವ ಕೆಲಸಕ್ಕೆ ಚೂರುಪಾರು ದಕ್ಕಿತು. ಈಗ ಷರತ್ತಿದ್ದರೂ ಒಂದು ಕಳ್ಳದಾರಿ ಉಳಿದಿದೆ: ಚಿಕಿತ್ಸೆಗೆ ಮೊದಲಿನಿಂದ ಇದ್ದ ಅನುದಾನವನ್ನು ಸದ್ದಿಲ್ಲದೆ ಹಿಂತೆಗೆದು, ಆ ಜಾಗದಲ್ಲಿ ಈ ಹಣವನ್ನು ಕೂರಿಸುವುದು. ಕಾಗದದ ಮೇಲೆ ಎಲ್ಲವೂ ಸರಿ, ರೋಗಿಗೆ ಮಾತ್ರ ಒಂದು ಪೈಸೆ ಹೆಚ್ಚಿಲ್ಲ. ಕಳೆದ ವರ್ಷ ವ್ಯಸನ ಚಿಕಿತ್ಸೆಗೆ ಕೌಂಟಿ ತನ್ನ ಬೊಕ್ಕಸದಿಂದ ಎಷ್ಟು ಕೊಟ್ಟಿತ್ತು, ಈ ವರ್ಷ ಎಷ್ಟು ಕೊಡುತ್ತಿದೆ ಎಂಬುದನ್ನೇ ನಿಮ್ಮ ಮಗಳು ಮೊದಲು ಕೇಳಲಿ.

ಸಯನ್‌ನಿಂದ, ಸಮಾಲೋಚಕಿ

ವಕೀಲರು ಲೆಕ್ಕದ ಮಾತು ಹೇಳಿದರು, ನಾನು ರೋಗಿಯ ಕಡೆಯಿಂದ ಹೇಳುತ್ತೇನೆ. ಮುಂಬೈಯ ಒಂದು ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಬೆಳಿಗ್ಗೆ ರೋಗಿಗಳು ಸಾಲಾಗಿ ನಿಲ್ಲುತ್ತಾರೆ. ನರ್ಸ್ ಚಟದ ಸೆಳೆತ ತಗ್ಗಿಸುವ ಬುಪ್ರೆನಾರ್ಫಿನ್ ಮಾತ್ರೆಯನ್ನು ಪುಡಿಮಾಡಿ ನಾಲಗೆಯ ಕೆಳಗೆ ಹಾಕುತ್ತಾರೆ. ಅದು ಕರಗುವ ತನಕ ರೋಗಿ ಬಾಯಿ ಮುಚ್ಚಿ ಬೆಂಚಿನ ಮೇಲೆ ಕೂತಿದ್ದು, ಎದ್ದು ಹೋಗುವ ಮುನ್ನ ಬಾಯಿ ತೆರೆದು ತೋರಿಸಬೇಕು. ಅದಾದ ಮೇಲೆ ಹಮಾಲಿ ಕೆಲಸಕ್ಕೋ ರಿಕ್ಷಾ ಓಡಿಸಲಿಕ್ಕೋ ಹೊರಡುತ್ತಾನೆ. ನೋಡುವವರಿಗೆ ಇದರಲ್ಲಿ ಏನೂ ಇಲ್ಲ, ಉದ್ಘಾಟನೆಯ ರಿಬ್ಬನ್ ಕತ್ತರಿಸಲು ಒಂದು ಕಟ್ಟಡವೂ ಇರುವುದಿಲ್ಲ. ಆದರೆ ಬುಪ್ರೆನಾರ್ಫಿನ್ ಅಥವಾ ಅದೇ ಕೆಲಸದ ಮೆಥಡೋನ್ ಪಡೆಯುತ್ತಿರುವಷ್ಟು ಕಾಲ ಸಾವಿನ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ಹಲವು ದೇಶಗಳ ಅನುಭವ.

ನನ್ನ ಸ್ವಂತ ತಮ್ಮನನ್ನು ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರದಲ್ಲಿ ಮೂರು ತಿಂಗಳು ಇರಿಸಿದ್ದೆವು. ಪೂರ್ತಿ ಬಿಡಿಸಿ, ಔಷಧಿ ಏನೂ ಕೊಡದೆ ಮನೆಗೆ ಕಳುಹಿಸಿದರು. ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಅಷ್ಟರಲ್ಲಿ ಹೋಗಿರುತ್ತದೆ ಎಂದು ಅಂದು ನಮಗೆ ಯಾರೂ ಹೇಳಲಿಲ್ಲ. ಹನ್ನೊಂದನೆಯ ದಿನ ಆತ ಹಿಂದಿನಷ್ಟೇ ತೆಗೆದುಕೊಂಡ. ಪಕ್ಕದ ಮನೆಯವರು ಬಾಗಿಲು ಒಡೆದದ್ದರಿಂದ ಉಳಿದ. ಜೈಲಿನಿಂದ ಬಿಡುಗಡೆಯಾದವರ ಗತಿಯೂ ಇದೇ. ಮೊದಲ ಕೆಲವು ವಾರಗಳೇ ಅವರಿಗೆ ಗಂಡಾಂತರ. ಆದ್ದರಿಂದ ಜೈಲಿನೊಳಗೇ ಔಷಧಿ ಶುರು ಮಾಡಿ, ಹೊರಬರುವ ದಿನ ಪ್ರಮಾಣ ಮೀರಿದಾಗ ಜೀವ ಉಳಿಸುವ ನಲಾಕ್ಸೋನ್ ಔಷಧಿಯನ್ನು ಕೈಗೆ ಕೊಟ್ಟು, ಮರುದಿನದ ಡೋಸ್ ಎಲ್ಲಿ ಸಿಗುತ್ತದೆಂದು ಹೇಳಿ ಕಳುಹಿಸುವ ವ್ಯವಸ್ಥೆಗೆ ಹಣ ಹೋಗಲಿ. ತಿಂಗಳು ಕಳೆದ ಮೇಲೆ ಬರುವ ಅಪಾಯಿಂಟ್‌ಮೆಂಟ್ ಊಟಕ್ಕಿಲ್ಲದ ಉಪ್ಪಿನಕಾಯಿ.

ಮಡಗಾಂವ್ ಮೇಷ್ಟ್ರು

ಅಮ್ಮಾ, ನಿಮ್ಮ ಮಾತು ಒಪ್ಪಿದೆ, ಆದರೆ ಹೊಸಬರು ಬೀಳದಂತೆ ತಡೆಯದಿದ್ದರೆ ಸಾಲು ಬೆಳೆಯುತ್ತಲೇ ಹೋಗುವುದಿಲ್ಲವೇ? ಶಾಲೆಯನ್ನು ಪೂರ್ತಿ ಬಿಟ್ಟುಬಿಡಬಾರದು.

ಸಯನ್‌ನಿಂದ, ಸಮಾಲೋಚಕಿ

ಬಿಡಬೇಕೆಂದು ನಾನು ಹೇಳಲಿಲ್ಲ, ಮೇಷ್ಟ್ರೇ. ಸಮವಸ್ತ್ರದ ಪೊಲೀಸರು ತರಗತಿಗೆ ಬಂದು ಹೆದರಿಸಿ ಹೋಗುವ ಕಾರ್ಯಕ್ರಮವನ್ನು ಅಮೆರಿಕದವರು 1983ರಿಂದ ಡೇರ್ ಎಂಬ ಹೆಸರಿನಲ್ಲಿ ನಡೆಸಿದರು. ಅದರ ಹಳೆಯ ಪಾಠಕ್ರಮದಿಂದ ಮಕ್ಕಳ ಬಳಕೆ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲವೆಂದು ಅಧ್ಯಯನಗಳೇ ತೋರಿಸಿದವು. ನಮ್ಮ ಚಿತ್ರಕಲಾ ಸ್ಪರ್ಧೆ, ಘೋಷಣೆಯ ಮೆರವಣಿಗೆಗಳ ಬಗ್ಗೆಯೂ ನನಗೆ ಅಂಥ ಭರವಸೆ ಇಲ್ಲ. ತಂದೆಯೋ ತಾಯಿಯೋ ವ್ಯಸನದಲ್ಲಿರುವ ಮನೆಯ ಮಗುವನ್ನು ಗುರುತಿಸಿ ವರ್ಷಗಟ್ಟಲೆ ಜೊತೆಗಿರುವ ಒಬ್ಬ ಶಾಲಾ ಸಮಾಲೋಚಕರ ಸಂಬಳಕ್ಕಾದರೆ ಕೊಡಲಿ.

ಮಾಟುಂಗಾ ವಕೀಲ

ಇಲ್ಲಿನ ಮಾತೂ ಒಂದಿಷ್ಟು ಇರಲಿ. ನಮ್ಮಲ್ಲಿ ಕಂಪನಿಗಳಿಂದ ವಸೂಲಾದ ಇಂಥ ಹಣವಿಲ್ಲ. ಆದರೆ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 7ಎ ಕಲಮಿನಲ್ಲಿ ಒಂದು ರಾಷ್ಟ್ರೀಯ ನಿಧಿ ಇದೆ; ಕಳ್ಳಸಾಗಣೆದಾರರಿಂದ ಮುಟ್ಟುಗೋಲು ಹಾಕಿಕೊಂಡ ಆಸ್ತಿ ಮಾರಿದ ಹಣ ಅದಕ್ಕೆ ಸೇರಬೇಕು, ಮತ್ತು ವ್ಯಸನಿಗಳ ಚಿಕಿತ್ಸೆ, ಪುನರ್ವಸತಿ, ವೈದ್ಯಕೀಯವಾಗಿ ಅಗತ್ಯವಿದ್ದಲ್ಲಿ ಅವರಿಗೆ ಔಷಧಿ ಪೂರೈಕೆಗೂ ಅದನ್ನು ಬಳಸಬಹುದು. ಒಪಿಯಾಯ್ಡ್ ತೊಂದರೆಗೆ ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ ಎಂದು ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿದ ಸಮೀಕ್ಷೆಯ 2019ರ ವರದಿ ಹೇಳಿತ್ತು.

ಕೋಥ್ರೂಡ್ ನಿವಾಸಿ, ಪುಣೆ

ಎಲ್ಲರಿಗೂ ಕೃತಜ್ಞತೆ. ನನ್ನ ಕೌಂಟರಿಗೆ ಬರುತ್ತಿದ್ದ ಒಬ್ಬ ಹುಡುಗ ನೆನಪಾದ. ಮಡಿಕೆಯ ಜಾಗದಲ್ಲೆಲ್ಲ ಹರಿದುಹೋದ ಒಂದೇ ಚೀಟಿ ಹಿಡಿದು ಕೊಡೀನ್ ಎಂಬ ಒಪಿಯಾಯ್ಡ್ ಇರುವ ಕೆಮ್ಮಿನ ಸಿರಪ್ಪು ಕೇಳುತ್ತಿದ್ದ. ಇಲ್ಲವೆಂದು ಕಳುಹಿಸಿ ನನ್ನ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತಿದ್ದೆ. ಎಲ್ಲಿಗೆ ಹೋಗಬೇಕೆಂದು ಹೇಳಲು ನನ್ನ ಬಳಿ ಒಂದು ವಿಳಾಸವೂ ಇರಲಿಲ್ಲ. ಮಗಳಿಗೆ ಬರೆದ ಪತ್ರದಲ್ಲಿ ಮೂರು ಮಾತು ಹಾಕಿದ್ದೇನೆ: ಹಳೆಯ ಅನುದಾನದ ಲೆಕ್ಕ, ಜೈಲಿನ ಬಾಗಿಲಿನಲ್ಲಿ ಔಷಧಿ, ಮತ್ತು ಪ್ರತಿ ಔಷಧಿ ಅಂಗಡಿಯಲ್ಲಿ ಆ ವಿಳಾಸ. ಗಾಡಿಯ ವಿಷಯ ಬಂದರೆ, ರೋಗಿಗಳನ್ನು ಕ್ಲಿನಿಕ್ಕಿಗೆ ಕರೆತರುವ ವ್ಯಾನ್ ಕೇಳು ಎಂದು ಕೊನೆಗೆ ಸೇರಿಸಿದೆ.