ಮರದ ತುಂಡಿನ ಅಡಿಯಲ್ಲಿ

ಸಕಲೇಶಪುರದ ಹತ್ತಿರ ತವರುಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾವಿರುವ ಲಂಡನ್‌ನಲ್ಲಿ ಮಕ್ಕಳಿಗೆ ಬೇಸಿಗೆ ರಜೆ, ಇಲ್ಲಿ ಜಡಿಮಳೆ. ಲಂಡನ್‌ನಲ್ಲಿ ಫ್ಲಾಟು, ಸ್ಕೂಲು ಇಷ್ಟೇ ಆಗಿಹೋಯ್ತು, ಮಗುವಿಗೆ ಮಣ್ಣು, ಮರ ಎಲ್ಲಿ ತೋರಿಸೋದು ಅಂತ ಮೊನ್ನೆ ಒಬ್ಬರು ಕೇಳಿದ್ದರು, ಅವರಿಗೆ ಇದು. ಸ್ವಲ್ಪ ಉದ್ದ ಆಯ್ತು, ಬೈಕೋಬೇಡಿ.

ಮೊದಲ ವರ್ಷ ನಾವು ದೊಡ್ಡ ಪಾರ್ಕುಗಳ ಹಿಂದೆ ಬಿದ್ದೆವು. ರಿಚ್ಮಂಡ್ ಪಾರ್ಕ್ ಅಂದರೆ ಸುಮಾರು 2,500 ಎಕರೆ. 1637ರಲ್ಲಿ ಒಂದನೇ ಚಾರ್ಲ್ಸ್ ರಾಜ ಬೇಟೆಗೆ ಅಂತ ಸುತ್ತ ಗೋಡೆ ಹಾಕಿಸಿದ ಜಾಗ. ಈಗಲೂ ಅಲ್ಲಿ ನೂರಾರು ಜಿಂಕೆಗಳಿವೆ. ನಮ್ಮ ಮನೆಯಿಂದ ಎರಡು ಟ್ರೈನು, ಒಂದು ಬಸ್ಸು. ತಲುಪುವಷ್ಟರಲ್ಲಿ ಮೂರು ವರ್ಷದ ಮಗಳು ಹೆಗಲ ಮೇಲೆ ನಿದ್ದೆ. ಜಿಂಕೆಯಿಂದ 50 ಮೀಟರ್ ದೂರ ಇರಬೇಕು ಅಂತ ಹೇಳುತ್ತಾರೆ. ಸರಿಯೇ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಂಡುಗಳು ಮದವೇರಿ ಕೊಂಬಿಗೆ ಕೊಂಬು ಹಾಕುತ್ತವೆ. ಆದರೆ ಆ ವಯಸ್ಸಿನ ಮಗುವಿಗೆ ಅಷ್ಟು ದೂರದ ಜಿಂಕೆಯೂ ಒಂದೇ, ಟಿವಿಯ ಜಿಂಕೆಯೂ ಒಂದೇ. ಎರಡು ನಿಮಿಷ ನೋಡಿ ಐಸ್‌ಕ್ರೀಮ್ ಕೇಳಿದಳು.

ಸುಸ್ತಾಗಿ ಮನೆ ಪಕ್ಕದ ಪಾರ್ಕಿಗೇ ಹೋಗೋಕೆ ಶುರು ಮಾಡಿದೆವು. ಎರಡು ಜೋಕಾಲಿ, ಒಂದು ಜಾರುಬಂಡೆ, ಮೂಲೆಯಲ್ಲಿ ಕೊಳೆಯುತ್ತಿರುವ ಮರದ ತುಂಡುಗಳು. ಸಾಗಿಸೋದು ಮರೆತಿದ್ದಾರೆ ಅಂದುಕೊಂಡಿದ್ದೆ. ಹುಳುಗಳಿಗೆ ಅಂತಲೇ ಹಾಗೆ ಬಿಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಸುಮ್ನೆ ಒಂದನ್ನು ಹೊರಳಿಸಿದೆ. ಅಡಿಯಲ್ಲಿ ಬೂದು ಬಣ್ಣದ ಪುಟ್ಟ ಹುಳುಗಳು, ಮುಟ್ಟಿದರೆ ಕಾಳುಮೆಣಸಿನ ಹಾಗೆ ಗುಂಡಗಾಗುವಂಥವು. ಅಲ್ಲಿ ವುಡ್‌ಲೌಸ್ ಅನ್ನುತ್ತಾರೆ. ಮಗಳು ಒಂದನ್ನು ಅಂಗೈಯಲ್ಲಿಟ್ಟುಕೊಂಡು ಅಲುಗಾಡದೆ ಕೂತಳು. ಉಂಡೆ ಒಂದು ಕಡೆ ಬಿರಿಯಿತು. ಮೀಸೆ ಹೊರಬಂತು. ಆಮೇಲೆ ಕಾಲು. ಎಣಿಸಿದೆವು, 14. ಅವತ್ತು ಮುಕ್ಕಾಲು ಗಂಟೆ ಅವಳನ್ನು ಅಲ್ಲಿಂದ ಎಬ್ಬಿಸೋಕೆ ಆಗಲಿಲ್ಲ.

ಈ ಹುಳ ಕೀಟವೇ ಅಲ್ಲ, ಏಡಿ, ಸೀಗಡಿಗಳ ಬಳಗ. ಅದಕ್ಕೇ ತೇವ ಇಲ್ಲದಿದ್ದರೆ ಬದುಕೋದಿಲ್ಲ. ನೋಡಿ ಆದಮೇಲೆ ತುಂಡನ್ನು ಇದ್ದ ಹಾಗೇ ಮಗುಚಿಡಬೇಕು. ಈ ಕೆಲಸ ನಮ್ಮ ಮಗಳದ್ದೇ, ಬೇರೆ ಯಾರೂ ಮಾಡೋ ಹಾಗಿಲ್ಲ.

ವಾರಕ್ಕೊಮ್ಮೆ ಅದೇ ಪಾರ್ಕು, ಅದೇ ಮೂಲೆ. ಗಂಬೂಟು, ಚೀಲದಲ್ಲಿ ಒಂದು ಜೊತೆ ಬಟ್ಟೆ, ಅಷ್ಟೇ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತೆ, ಆವಾಗ ಊಟ ಮುಗಿಸಿದ ತಕ್ಷಣ ಹೊರಡುತ್ತೇವೆ. ಗಿಳಿಗಳೂ ಇವೆ ಅಲ್ಲಿ, ನಮ್ಮ ಜೋಳದ ಹೊಲಕ್ಕೆ ಎರಗುವ ಅದೇ ಜಾತಿ! ಸಾಕಿದವರ ಕೈತಪ್ಪಿ ಹೋದವು ಈಗ ಲಂಡನ್ ತುಂಬಾ ಸಂಸಾರ ಹೂಡಿವೆ. ನಮ್ಮ ಹಾಗೇ ಅಲ್ವಾ.

ನಿನ್ನೆ ಮಳೆ ಸ್ವಲ್ಪ ಹೊಳವಾದಾಗ ತೋಟಕ್ಕೆ ಹೋಗಿದ್ದೆವು. ನಾನು ಕಾಲಿಗೆ ಹತ್ತಿದ ಇಂಬಳ ಕೀಳುತ್ತಿದ್ದೆ. ಇವಳು ಕಾಫಿ ಗಿಡದ ಬುಡದಲ್ಲಿದ್ದ ಕೊಳೆತ ಕೊಂಬೆಗೆ ಕೈ ಹಾಕಿಯೇಬಿಟ್ಟಳು. "ಬಿಡೇ, ಚೇಳಿರತ್ತೆ!" ಅಂತ ಅಮ್ಮ ಕೂಗಿ, ತಾನೇ ಕತ್ತಿಯ ತುದಿಯಿಂದ ಹೊರಳಿಸಿ ಕೊಟ್ಟಳು. (ಇಲ್ಲಿ ಕೈ ಹಾಕುವ ಹಾಗಿಲ್ಲ ಅಂತ ನಾನೇ ಮೊದಲು ಹೇಳಬೇಕಿತ್ತು.) ಅಡಿಯಲ್ಲಿ ಗೋಲಿ ಗಾತ್ರದ ಕಂದು ಉಂಡೆ.

"ಅಜ್ಜೀ, ಲಂಡನ್ ಹುಳದ ಅಪ್ಪ!"

ನಿಜವಾಗಿ ಎರಡಕ್ಕೂ ಸಂಬಂಧ ದೂರ, ಇದು ಸಹಸ್ರಪದಿಯ ಜಾತಿ. ಲಂಡನ್‌ನದ್ದು ಏಡಿಯ ನೆಂಟ ಅಂತ ಅಮ್ಮನಿಗೆ ಹೇಳಿದೆ.

"ಹಂಗಾದ್ರೆ ಅಲ್ಲಿ ಸಾರು ಮಾಡ್ತಾರಾ?"

ಅಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು. ಒಳಗೆ ಬನ್ನಿ ಅಂದೆ. ಅಜ್ಜಿ, ಮೊಮ್ಮಗಳು ಒಂದೇ ಛತ್ರಿಯಡಿ ಕುಕ್ಕರುಗಾಲಲ್ಲಿ ಕೂತಿದ್ದರು. ಉಂಡೆ ಇನ್ನೂ ಬಿಚ್ಚಿಕೊಂಡಿರಲಿಲ್ಲ.