ಸಹಾಯ ಬೇಕು: ಗಿಡಮೂಲಿಕೆ ಚಿಕಿತ್ಸೆಯನ್ನು ರೋಗಿಗಳ ನಡುವೆ ಕಲಿಯುವುದು ಎಲ್ಲಿ?

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಗಂಗಾವತಿಯವಳು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಆಯುರ್ವೇದ, ಯುನಾನಿ, ಚೀನೀ ಹಾಗೂ ಪಾಶ್ಚಾತ್ಯ ಗಿಡಮೂಲಿಕೆ ಪದ್ಧತಿಗಳನ್ನು ಒಟ್ಟಿಗೆ ಕಲಿಸುವ ಆನ್‌ಲೈನ್ ಕೋರ್ಸೊಂದನ್ನು ಎರಡು ವರ್ಷಗಳಿಂದ ಓದುತ್ತಿದ್ದೇನೆ.

ಜೇಷ್ಠಮಧುವಿನ ಬೇರನ್ನು ಈ ನಾಲ್ಕೂ ಪದ್ಧತಿಗಳು ಬಳಸುತ್ತವೆ. ಆದರೆ ಬಹಳ ದಿನ ಸೇವಿಸಿದರೆ ರಕ್ತದೊತ್ತಡ ಏರಿ, ಪೊಟ್ಯಾಶಿಯಂ ಇಳಿಯಬಹುದು. ಕಳೆದ ತಿಂಗಳು ನೆರೆಮನೆಯ ಅಜ್ಜಿ ಆ ಬೇರಿನ ತುಂಡನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, “ಕೆಮ್ಮಿಗೆ ದಿನಾ ಕಷಾಯ ಕುಡೀಲೇನವ್ವಾ?” ಎಂದು ಕೇಳಿದಾಗ, ಅವರು ಬಿ.ಪಿ. ಮಾತ್ರೆ ನುಂಗುವವರೆಂದು ತಿಳಿದಿದ್ದರಿಂದ ಬೇಡವೆಂದು ಹೇಳಿ, ವೈದ್ಯರ ಬಳಿ ಕಳಿಸಿದೆ. ನನ್ನ ಓದು ನೆರವಾದದ್ದು ಅಷ್ಟಕ್ಕೇ. ಯಾರಿಗೆ ಯಾವುದನ್ನು, ಎಷ್ಟು ಕೊಡಬೇಕೆಂಬುದು ಅನುಭವಿ ವೈದ್ಯರ ಪಕ್ಕದಲ್ಲಿ ಕುಳಿತೇ ಕಲಿಯಬೇಕಾದ ವಿದ್ಯೆ.

ಒಂದು ಆಯುರ್ವೇದ ಆಸ್ಪತ್ರೆಯಲ್ಲಿ ವಿಚಾರಿಸಿದಾಗ, ಬಿ.ಎ.ಎಂ.ಎಸ್. (ಆಯುರ್ವೇದ ವೈದ್ಯ ಪದವಿ) ವಿದ್ಯಾರ್ಥಿಗಳಿಗಷ್ಟೇ ಅವಕಾಶವೆಂದರು. ಆ ಪದವಿಗೆ ನೀಟ್ ಪ್ರವೇಶ ಪರೀಕ್ಷೆ ಬರೆದು, ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಬೇಕು. ಮನೆಯ ಪರಿಸ್ಥಿತಿಯಲ್ಲಿ ಅದು ಸುಲಭವಲ್ಲ. ಪದವಿ, ನೋಂದಣಿ ಇಲ್ಲದೆ ಔಷಧಿ ಕೊಡುವ ಉದ್ದೇಶ ನನಗೆ ಖಂಡಿತ ಇಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ನೋಂದಾಯಿತ ಆಯುರ್ವೇದ ಅಥವಾ ಯುನಾನಿ ವೈದ್ಯರು ಯಾರಾದರೂ, ವಾರಕ್ಕೆ ಎರಡು ದಿನ ಕೇವಲ ನೋಡಿ ಟಿಪ್ಪಣಿ ಬರೆದುಕೊಳ್ಳಲು ನನ್ನಂಥವರನ್ನು ಸೇರಿಸಿಕೊಳ್ಳುತ್ತಾರೆಯೇ, ಅಥವಾ ನೀಟ್ ಬರೆಯುವುದೊಂದೇ ದಾರಿಯೇ?